ಸ್ವಂತ ಮನೆಗೆ ಪರವಾನಗಿ ಕೇಳಿದ ಮಾಮಾ

ನನ್ನ ಸೋದರಮಾವನಂಥ ಕಾನೂನುಭಕ್ತ ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ, ಅವನ ಹೆಂಡತಿಗೆ ನನ್ನ ಸಹಾನುಭೂತಿ ಇರಲಿ! ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಸೈಕಲ್ ತಿರುಗಿಸುವಾಗ ಕೈ ತೋರಿಸುವ ಮನುಷ್ಯ. ಯಾರಿಗೆ ತೋರಿಸುತ್ತೀರಿ ಎಂದರೆ "ಕಾನೂನಿಗೆ" ಎನ್ನುತ್ತಾನೆ.

ಇಂಥ ಮಾಮಾ ಖಾನಾಪುರದ ತನ್ನ ಮನೆಯ ಮುಂಭಾಗದಲ್ಲಿ ಒಂದು ಕನ್ನಡ ಶಾಲೆ ನಡೆಸುತ್ತಿದ್ದ. ಪಾಠ ಹೇಳುವ ಇಬ್ಬರು ಅಕ್ಕೋರಿಗೆ ಪಗಾರ ಅನ್ನುವುದು ಹೆಸರಿಗಷ್ಟೇ. ಸರಕಾರದ ಗ್ರಾಂಟ್ ಬಾರದಿದ್ದರೆ ಬರುವ ಜೂನಿಗೆ ಬಾಗಿಲು ಮುಚ್ಚುವುದೇ ಸೈ. ಅಷ್ಟರಲ್ಲಿ ಹೊಸ ಕಾಯದೆ ಬಂತು. ಇಸವಿ ಎರಡು ಸಾವಿರದ ಆಸುಪಾಸಿನ ಮಾತು. ಖಾಸಗಿ ಶಾಲೆಯ ಕಟ್ಟಡಕ್ಕೆ ಘರಪಟ್ಟಿ, ಅಂದರೆ ಮನೆ ತೆರಿಗೆ, ಮಾಫಿ, ಹಾಗೆ ಮಾಫಿಯಾದ ಶಾಲೆಗೆ ಮಾತ್ರ ಗ್ರಾಂಟ್. ಆದರೆ ಕಟ್ಟಡ ಪೂರ್ತಿ ಶಾಲೆಯದೇ ಆಗಿರಬೇಕು, ಒಳಗೆ ಸಂಸಾರ ಇರಕೂಡದು!

ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ತಪಾಸಣೆಯ ದಿನ ಮಂಚ, ಪಾತ್ರೆ ಎಲ್ಲ ಬಾಜೂ ಮನೆಗೆ ಸಾಗಿಸಿ, ಸಾಹೇಬರ ಜೀಪು ತಿರುಗಿದ ಮೇಲೆ ವಾಪಸು ತರುತ್ತಿದ್ದರು. ನಾನೂ ಅದನ್ನೇ ಹೇಳಿದೆ.

"ಅಳಿಯಾ, ಅದು ಕಳ್ಳತನ ಆಗತೈತಿ" ಎಂದವನೇ, ಮಾಮಿಯನ್ನು ಕರೆದುಕೊಂಡು ಎದುರು ಓಣಿಯ ತಗಡಿನ ಖೋಲಿಗೆ ಬಾಡಿಗೆಗೆ ಹೊರಟೇಬಿಟ್ಟ. ಅಡುಗೆಮನೆ ಎರಡನೆಯ ಇಯತ್ತೆಯ ತರಗತಿಯಾಯಿತು.

ಅಲ್ಲಿಗೆ ಮುಗಿಯಿತೇ? ದಿನಾ ಕೊಡ ಹಿಡಿದು ತನ್ನದೇ ಬಾಗಿಲಲ್ಲಿ ನಿಲ್ಲುತ್ತಿದ್ದ. "ಅಕ್ಕೋರ, ಬಾವಿ ನೀರ ತುಂಬಕೊಳ್ಳಾಕ ಪರವಾನಗಿ ಐತೇನ್ರಿ?"

ಅಕ್ಕೋರು ಪಾಪ, ನಾಚಿ ನೀರಾಗುತ್ತಿದ್ದರು. "ಬಾವಿ ನಿಮ್ಮದ ಐತಲ್ರಿ ಸರ."

"ಐತಿ ಅಲ್ಲರಿ. ಇತ್ತು."

ಒಂದು ಭಾನುವಾರ ಖಾನಾಪುರದ ಮಳೆಯಲ್ಲಿ ನಾನೂ ಮಾಮಾನೂ ತೊಯ್ದು ತೊಪ್ಪೆಯಾಗಿ ಆ ಮನೆಯ ಮುಂದೆ ನಿಂತಿದ್ದೆವು. ಪಡಸಾಲೆಗಾದರೂ ಹೋಗೋಣವೆಂದೆ.

"ಇವತ್ತ ಸಾಲಿ ಸೂಟಿ. ಸೂಟಿಯಾಗ ಹೊರಗಿನವರು ಒಳಗ ಹೋಗಂಗಿಲ್ಲ."

ಬಾಗಿಲ ಕೀಲಿ ಎಲ್ಲಿತ್ತು ಅಂತೀರಿ? ಅವನ ಜೇಬಿನಲ್ಲೇ! ಸಿಟ್ಟು ಬಂದರೂ, ಇಂಥವನ ಅಳಿಯನೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಕೊನೆಗೂ ಸಾಹೇಬರು ಬಂದರು. ಆ ದಿನ ನಾನೂ ಇದ್ದೆ. ಎಲ್ಲ ನೋಡಿ ಖುಷಿಯಾದ ಸಾಹೇಬರ ಕಣ್ಣು ಎರಡನೆಯ ಇಯತ್ತೆಯ ಮೂಲೆಗೆ ಬಿತ್ತು. ಅಲ್ಲಿ ನೆಲದಲ್ಲಿ ಹುಗಿದ ಒಳಕಲ್ಲು!

"ಇದು ಯಾಕ ಐತ್ರಿ ಇಲ್ಲಿ?"

"ಮಕ್ಕಳಿಗೆ ತೋರಸಾಕ್ರಿ" ಎಂದು ನಾನು ಬಾಯಿ ಹಾಕಿದೆ.

"ಸುಳ್ಳರಿ ಸಾಹೇಬ್ರ" ಎಂದ ಮಾಮಾ. "ದಿನಾ ಸಾಲಿ ತೆರಿಯೂಕ್ಕಿಂತ ಮೊದಲ ನನ್ನ ಹೇಣ್ತಿ ಬಂದು ಇದರಾಗ ಚಟ್ನಿ ಕುಟ್ಟತಾಳ. ಖೋಲ್ಯಾಗ ಆಕಿಗೆ ಒಳಕಲ್ಲಿಲ್ಲ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ರಿ."

ನಾನು ದಂಗಾದೆ. ಮಳೆಯಲ್ಲಿ ನನ್ನನ್ನು ಹೊರಗೆ ನಿಲ್ಲಿಸಿದ ಕಾನೂನು ಮಾಮಿಗಾಗಿ ದಿನಾ ಬೆಳಿಗ್ಗೆ ಬಾಗಿಲು ತೆರೆಯುತ್ತಿತ್ತು.

ಸಾಹೇಬರು ಒಳ್ಳೆಯವರೇ. "ಈ ಒಳಕಲ್ಲ ಮುಚ್ಚಿಬಿಡ್ರಿ, ಈಗ ಸಹಿ ಹಾಕತೇನಿ. ಹಿಂಗ ಇದ್ರ ಇದು ಮನಿನ ಆಗತೈತಿ, ಗ್ರಾಂಟ್ ಸಿಗಂಗಿಲ್ಲ" ಎಂದರು.

ಅದು ಮಾಮಾನ ಅವ್ವ ಕುಟ್ಟಿದ ಕಲ್ಲು, ಮಾಮಿ ಮದುವೆಯಾಗಿ ಬಂದಂದಿನಿಂದ ಕುಟ್ಟಿದ ಕಲ್ಲು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಾಮಿಯೇ ಹೋಗಿ, ಕಂಪೌಂಡ್ ಕಟ್ಟಿ ಉಳಿದಿದ್ದ ಸಿಮೆಂಟು ಕಲಸಿ ತಂದು, ಕುಣಿ ತುಂಬಿ, ಅಂಗೈಯಿಂದ ಸಮ ಮಾಡಿದಳು. ಮಾಮಾ ಕರಿಹಲಗೆಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಹೆಗಲು ಅಲುಗುವುದನ್ನು ನಾನು ಅಂದೇ ಮೊದಲು ನೋಡಿದ್ದು.

"ಕಲ್ಲಿಗೆ ಅಳಕೋತ ನಿಂತ್ರ ಅಕ್ಕೋರ ಪಗಾರ ಯಾರು ಕೊಡತಾರ?" ಎಂದಳು ಮಾಮಿ.

ಗ್ರಾಂಟ್ ಬಂತು, ಶಾಲೆ ಉಳಿಯಿತು. ಅಕ್ಕೋರಿಗೆ ಪೂರ್ತಿ ಪಗಾರ ಸಿಕ್ಕ ಮರುದಿನವೇ ಮಾಮಾ ಬೆಳಗಾವಿಗೆ ಬಂದು, ಅಂಗಡಿ ಅಂಗಡಿ ಅಲೆದು, ಕುಟ್ಟಲು ಒಂದು ಪುಟ್ಟ ಕಲ್ಲು ಕೊಂಡ. ನಾನು ಸ್ಟೇಷನ್ನಿಗೆ ಬಿಡಲು ಹೋದೆ. ತುಂಬಿದ ಪ್ಯಾಸೆಂಜರ್ ಗಾಡಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಕೆಳಗ ಇಡ್ರಲಾ ಯಜಮಾನ್ರ. ದೇಸೂರ ಬರೂದರಾಗ ತೊಡಿ ಹೋದೀತು" ಎಂದರು ಬಾಜೂ ಕೂತವರು.

"ಇರಲಿ ಬಿಡ್ರಿ" ಎಂದ ಮಾಮಾ. "ಇಷ್ಟ ವರ್ಷ ನನ್ನ ಕಾನೂನು ಆಕಿ ಹೊತ್ತಾಳ. ಖಾನಾಪುರದ ಮಟ ಇದನ್ನ ನಾ ಹೊರತೇನಿ."