ಹಳೇ ವೈಫೈಗೆ ರವೆ ಉಂಡೆ

ನಮ್ಮ ಓರಗಿತ್ತಿಯ ಜೊತೆ ಮದುವೆಯ ಊಟಕ್ಕೆ ಹೋಗುವವರು ಸಂಜೆಯ ತಿಂಡಿಗೂ ಸಿದ್ಧರಾಗಿಯೇ ಹೋಗಬೇಕು. ಊಟ ಮುಗಿಸಿ ಕೈ ತೊಳೆದ ಕೂಡಲೇ ಅವರು ಹೊರಡಲು ಶುರು ಮಾಡುತ್ತಾರೆ. ಶುರು ಮಾಡುತ್ತಾರೆ ಅಂದೆ, ಹೊರಡುತ್ತಾರೆ ಅನ್ನಲಿಲ್ಲ! ಹೆಣ್ಣಿನ ತಾಯಿಗೆ ಹೇಳಬೇಕು, ಗಂಡಿನ ತಾಯಿಗೆ ಹೇಳಬೇಕು, ಎರಡೂ ಕಡೆಯ ಸೋದರತ್ತೆಯರಿಗೆ ಹೇಳಬೇಕು. ಅಡುಗೆಯವರಿಗೆ ಸಾರು ಚೆನ್ನಾಗಿತ್ತೆಂದು ಹೇಳಿ ಬರಬೇಕು. ಓಲಗದವರು ಊಟಕ್ಕೆ ಕೂತಿದ್ದರೆ ಏಳುವ ತನಕ ಕಾಯಬೇಕು. ಅಷ್ಟು ಹೊತ್ತಿಗೆ ಛತ್ರದಲ್ಲಿ ಉಪ್ಪಿಟ್ಟು ಬಡಿಸಲು ಶುರುವಾಗಿರುತ್ತದೆ. ‘ಇಷ್ಟೊತ್ತು ಇದ್ದೀರ, ತಿಂದ್ಕೊಂಡೇ ಹೋಗಿ’ ಎನ್ನುತ್ತಾರೆ. ತಿಂದ ಮೇಲೆ ಎಲ್ಲರಿಗೂ ಇನ್ನೊಂದು ಸಲ ಹೇಳಬೇಡವೇ?

ಓರಗಿತ್ತಿ ಎಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಮಾಕಳಿಯ ಹತ್ತಿರ ಒಂದೇ ಕಟ್ಟಡದಲ್ಲಿ ಕೆಳಗೆ ಅವರು, ಮೇಲೆ ನಾವು. ಅಕ್ಕನ ಕಾನೂನು ಸರಳವಾದದ್ದು. ಯಾರನ್ನೇ ಬಿಡಲಿ, ಏನನ್ನೇ ಬಿಡಲಿ, ಮುಖ ನೋಡಿ ಹೇಳಿ ಬಿಡಬೇಕು. ಬರಿಗೈಯಲ್ಲಿ ಕಳಿಸಬಾರದು. ಪಕ್ಕದ ಮನೆಯವರು ಡಬ್ಬಿಯಲ್ಲಿ ಹುಳಿ ಕೊಟ್ಟರೆ, ಆ ಡಬ್ಬಿ ಖಾಲಿಯಾಗಿ ವಾಪಸ್ ಹೋಗಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಇದನ್ನು ನಾವೂ ಪಾಲಿಸುತ್ತೇವೆ. ಆದರೆ ನಾವು ಡಬ್ಬಿಗಳಿಗೆ ಮಾತ್ರ ಪಾಲಿಸುತ್ತೇವೆ.

ಒಮ್ಮೆ ಹಾಲಿನವನ ಹಾಲು ತೀರಾ ನೀರಾಗಿ, ಪ್ಯಾಕೆಟ್ ಹಾಲಿಗೆ ಬದಲಾಯಿಸೋಣ ಎಂದು ತೀರ್ಮಾನವಾಯಿತು. ಬೇರೆಯವರಾದರೆ ಗೇಟಿನಲ್ಲೇ ‘ನಾಳೆಯಿಂದ ಬೇಡಪ್ಪ’ ಅನ್ನುತ್ತಾರೆ. ಅಕ್ಕ ಬಾಳೆಹಣ್ಣು, ಎಲೆ ಅಡಿಕೆ ಹಿಡಿದುಕೊಂಡು ಅವನ ಮನೆಗೇ ಹೋದರು. ಬಂದ ಮೇಲೆ ಕೇಳಿದೆ.

“ಹೇಳಿದ್ರಾ ಅಕ್ಕ?”

“ಯೋಳ್ದೆ ಕಣವ್ವ. ಪಾಪ, ಎಮ್ಮೆ ಬ್ಯಾರೆ ಗಬ್ಬ ಐತಂತೆ. ಅದುಕ್ಕೆ ಇನ್ನರ್ಧ ಲೀಟ್ರು ಜಾಸ್ತಿ ಹಾಕು ಅಂದ್ ಬಂದೆ.”

ಪ್ಯಾಕೆಟ್ಟೂ ಬಂತು, ಎಮ್ಮೆಯೂ ಮುಂದುವರಿಯಿತು. ಆ ಕಾಲದಲ್ಲಿ ನಮ್ಮ ಕಟ್ಟಡದಲ್ಲಿ ಪಾಯಸ ತಿನ್ನದೆ ಉಳಿದ ಜೀವಿಗಳೆಂದರೆ ಗೋಡೆಯ ಹಲ್ಲಿಗಳು ಮಾತ್ರ.

ಸಾಲ ಬೇಕೇ ಎಂದು ಫೋನ್ ಮಾಡುತ್ತಾರಲ್ಲ, ಆ ಹುಡುಗಿಯರ ಫೋನನ್ನೂ ಅಕ್ಕ ತಾವಾಗಿ ಇಡುವುದಿಲ್ಲ. ಊಟ ಆಯ್ತಾ, ಯಾವೂರು, ಪಿ.ಜಿ.ಯಲ್ಲಿ ಮುದ್ದೆ ಮಾಡ್ತಾರಾ ಎಂದೆಲ್ಲ ವಿಚಾರಿಸುತ್ತಾರೆ. ಕೊನೆಗೆ ಆ ಕಡೆಯಿಂದಲೇ “ಮೇಡಂ, ನಾನು ಇಡ್ಲಾ?” ಎಂದು ದೈನ್ಯದ ದನಿ ಬರುತ್ತದೆ. “ಇಡವ್ವ, ನೀನೇ ಇಡು” ಎಂದು ಅಕ್ಕ ದೊಡ್ಡ ಮನಸ್ಸು ಮಾಡುತ್ತಾರೆ.

ಇಂಥವರ ಮನೆಯಲ್ಲಿ ಇಂಟರ್ನೆಟ್ ಕಂಪನಿ ಬದಲಾಯಿಸುವ ಪ್ರಸಂಗ ಬಂತು.

ನನ್ನ ಮಗಳದು ವೈಟ್‌ಫೀಲ್ಡಿನ ಕಂಪನಿ, ಮನೆಯಿಂದಲೇ ಕೆಲಸ. ವೈಟ್‌ಫೀಲ್ಡ್ ಭೂಪಟದಲ್ಲಿ ಬೆಂಗಳೂರಿನೊಳಗೇ ಇದೆ. ಮಾಕಳಿಯಿಂದ ಬಸ್ಸಿನಲ್ಲಿ ಹೊರಟವರಿಗೆ ಮಾತ್ರ ಅದು ಬೇರೆ ರಾಜ್ಯ. ಮೇಲಿನ, ಕೆಳಗಿನ ಎರಡೂ ಮನೆಗೆ ಇದ್ದದ್ದು ಒಂದೇ ಲೈನು, ಮಂಜಣ್ಣನದು. ಕೇಬಲ್ ಟೀವಿಯ ಕಾಲದಿಂದ ನಮ್ಮ ಬೀದಿಗೆ ವೈರು ಎಳೆದವನು, ಆಮೇಲೆ ಯಾವುದೋ ಕಂಪನಿಯ ಏಜೆಂಟಾಗಿ ಅದೇ ಕಂಬಗಳ ಮೇಲೆ ಇಂಟರ್ನೆಟ್ ತಂದವನು. ಆ ವೈರು ಹೊಂಗೆ ಮರದ ಮೇಲೆ ಹಾದು ಬರುತ್ತಿತ್ತು. ಮರದಲ್ಲಿ ಅಳಿಲುಗಳಿದ್ದವು. ಇನ್ನು ಬಿಡಿಸಿ ಹೇಳಬೇಕೇ? ಮೀಟಿಂಗಿನ ನಡುವೆ ನನ್ನ ಮಗಳು ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದಳು. ಅವಳ ಮ್ಯಾನೇಜರು, ಇನ್ನೊಂದು ಸಲ ಹೀಗಾದರೆ ಸೋಮವಾರದಿಂದ ದಿನಾ ಆಫೀಸಿಗೇ ಬಾ ಎಂದುಬಿಟ್ಟರು. ಹೊಸ ಕಂಪನಿಗೆ ಹೇಳಿದ್ದಾಯಿತು. ಶನಿವಾರ ಬೆಳಿಗ್ಗೆ ಆ ಕಂಪನಿಯ ಮನುಷ್ಯ, ಮೀಸೆ ಹೊತ್ತವನು, ಏಣಿಯನ್ನೂ ಹೊತ್ತುಕೊಂಡು ಬಂದ.

ಗೋಡೆಗೆ ಹೊಸದಾಗಿ ಬಣ್ಣ ಬಳಿಸಿತ್ತು. ಇನ್ನೊಂದು ತೂತು ಹಾಕಕೂಡದೆಂದು ಭಾವನವರ ಅಪ್ಪಣೆ.

“ಅದಕ್ಕೇನ್ ಮೇಡಂ, ಹಳೇ ವೈರ್ ಕಿತ್ತಾಕಿ ಅದೇ ತೂತಲ್ಲಿ ನಮ್ದು ತೂರಿಸ್ತೀನಿ. ಹತ್ತೇ ನಿಮಿಷ” ಎಂದು ಅವನು ಏಣಿ ಹತ್ತಿದ.

“ಮುಟ್ಬ್ಯಾಡ!”

ಕೆಳಗಿನಿಂದ ಅಕ್ಕ ಬಂದಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿತ್ತು. “ಹಳೇವ್ನಿಗೆ ಯೋಳಿದೀರಾ?”

ನಾವು ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

“ದೊಡ್ಡಮ್ಮ, ಏನೂ ಹೇಳ್ಬೇಕಾಗಿಲ್ಲ” ಎಂದಳು ನನ್ನ ಮಗಳು. “ರೀಚಾರ್ಜ್ ಮಾಡ್ದೆ ಬಿಟ್ರೆ ತಾನೇ ಕಟ್ ಆಗುತ್ತೆ. ಎಲ್ರೂ ಹಾಗೇ ಮಾಡೋದು.”

“ಅನ್ನ ಹಾಕ್ದೆ ಬುಟ್ರೆ ನಾಯೀನೂ ತಾನೇ ಓಯ್ತದೆ. ಅಂಗಂತ?”

ಮಗಳು ನನ್ನ ಮುಖ ನೋಡಿದಳು. ನಾನು ಏಣಿಯ ಮುಖ ನೋಡಿದೆ.

ಮಂಜಣ್ಣನ ಫೋನು ಸ್ವಿಚ್ ಆಫ್ ಆಗಿತ್ತು. ಸರಿ, ಅವನ ಕಂಪನಿಯ ನಂಬರಿಗೇ ಹೇಳಿಬಿಡಿ ಎಂದು ಮಗಳು ಫೋನು ಮಾಡಿ ಅಕ್ಕನ ಕೈಗೆ ಕೊಟ್ಟಳು. ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿಟ್ಟ ಹೆಣ್ಣು ದನಿ ಬಂತು.

“ಕನ್ನಡಕ್ಕಾಗಿ ಒಂದನ್ನು ಒತ್ತಿ.”

“ಒತ್ತಿದೀನವ್ವ.”

“ನಿಮ್ಮ ಕರೆ ನಮಗೆ ಬಹಳ ಮುಖ್ಯ.”

ಅಕ್ಕ ಫೋನನ್ನು ಎದೆಗೆ ಒತ್ತಿ ಹಿಡಿದು ನಮ್ಮನ್ನು ದುರುಗುಟ್ಟಿ ನೋಡಿದರು. “ಕೇಳುದ್ರಾ? ಎಂಥಾ ಮಾತಾಡ್ತಾಳೆ ನೋಡಿ. ಇಂಥೋರ್ನ ಯೋಳ್ದೆ ಕೇಳ್ದೆ ಬುಟ್ಬುಡಾನ ಅಂತೀರಲ್ಲ!”

ಆಮೇಲೆ ವಾದ್ಯ ಸಂಗೀತ. ಅಕ್ಕ ಭಜನೆ ಕೇಳುವವರಂತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕೊನೆಗೆ ಲೈನು ತಾನೇ ಕಟ್ಟಾಯಿತು.

“ಇಟ್ಬುಟ್ಲು. ಏನ್ ಕೆಲ್ಸ ಇತ್ತೋ ಪಾಪ” ಎಂದು ಎದ್ದರು. “ನಡಿ, ಮಂಜನ ಆಫೀಸಿಗೇ ಓಗಿ ಬರಾನ.”

ಹೊರಟೆವು ಎಂದುಕೊಂಡಿರಾ? ರೂಟರು ವಾಪಸ್ ಕೊಡಬೇಕಲ್ಲ; ಬರಿದಾಗಿ ಹೇಗೆ ಕೊಡುವುದು? ಅಕ್ಕ ಬಾಣಲೆ ಇಟ್ಟು ರವೆ ಹುರಿಯತೊಡಗಿದರು. ಮೀಸೆಯವನಿಗೆ ಮಧ್ಯಾಹ್ನ ಇನ್ನೊಂದು ಮನೆಯಿತ್ತಂತೆ. “ಮೊದ್ಲು ಉಣ್ಣಪ್ಪ” ಎಂದು ಅವನಿಗೆ ಮುದ್ದೆ, ಬಸ್ಸಾರು ಬಡಿಸಿದರು. ಉಂಡ ಮೇಲೆ ಅವನು ಇನ್ನೊಂದು ಮನೆಯ ವಿಷಯ ಎತ್ತಲಿಲ್ಲ. ಮೆಟ್ಟಿಲ ಮೇಲೆ ಕೂತು ತೂಕಡಿಸಿದ. ಉಂಡೆ ಕಟ್ಟಿ, ಹಳೆಯ ಸ್ಟೀಲ್ ಡಬ್ಬಿಗೆ ತುಂಬಿದ್ದಾಯಿತು. ರೂಟರಿನ ಮೇಲೆ ಆಯುಧಪೂಜೆಯ ದಿನ ಇಟ್ಟ ಕುಂಕುಮ ಇನ್ನೂ ಇತ್ತು. ಅಕ್ಕ ಧೂಳು ಒರೆಸಿದರು, ಕುಂಕುಮ ಬಿಟ್ಟು.

“ಅಮ್ಮಾ, ಸೋಮವಾರ!” ಎಂದು ಮಗಳು ಮೇಲಿನಿಂದ ಕೂಗಿದಳು. ಸೋಮವಾರಕ್ಕೆ ಇನ್ನೂ ಒಂದು ಭಾನುವಾರ ಅಡ್ಡವಿದೆಯೆಂದು ನಾನು ಸಮಾಧಾನ ಮಾಡಿಕೊಂಡೆ. ಹಾಲಿನ ಪ್ರಕರಣದಂತೆ ಅಕ್ಕ ಇಲ್ಲೂ ಇನ್ನೊಂದು ಲೈನು ಜಾಸ್ತಿ ಹಾಕಿಸಿಕೊಂಡು ಬಂದರೆ ಏನು ಗತಿ ಎಂಬುದೇ ನನ್ನ ಚಿಂತೆ.

ಮಂಜಣ್ಣನ ಆಫೀಸು ಬಸ್ ಸ್ಟಾಪಿನ ಹಿಂದೆ, ಟೀ ಅಂಗಡಿಯ ಮೇಲೆ. ಗೋಡೆಯ ಉದ್ದಕ್ಕೂ ವೈರಿನ ಸುರುಳಿಗಳು. ನಡುವೆ ಅವನೊಬ್ಬನೇ ಕೂತಿದ್ದ. ನಮ್ಮನ್ನು ನೋಡಿದ್ದೇ ಎದ್ದು ನಿಂತ.

“ಏನಕ್ಕ, ಮತ್ತೆ ಅಳಿಲು ಕಚ್ತಾ? ಈಗ್ಲೇ ಬಂದೆ ನಡೀರಿ.”

ಅಕ್ಕ ಅವನ ತಾಯಿಯ ಮಂಡಿನೋವು ಕೇಳಿದರು. ಹೆಂಡತಿಯ ತವರು ಕೇಳಿದರು. ಟೀ ಅಂಗಡಿಯವನ ಕ್ಷೇಮವನ್ನೂ ಕೇಳಿದರು. ಕೇಳುವುದು ಇನ್ನೇನೂ ಉಳಿಯದಾದಾಗ ರೂಟರನ್ನೂ ಡಬ್ಬಿಯನ್ನೂ ಮೇಜಿನ ಮೇಲಿಟ್ಟರು.

“ಮಂಜಾ, ನಮ್ಮುಡ್ಗಿ ಕೆಲ್ಸಕ್ಕೆ ತೊಂದ್ರೆ ಆಯ್ತಾ ಐತೆ. ಬ್ಯಾರೆಯೋರ್ದು ಹಾಕುಸ್ತಾ ಇದೀವಿ. ನಿಂಗೆ ಯೋಳಿ ಓಗಾನ ಅಂತ ಬಂದೆ.”

ಅವನು ರೂಟರನ್ನು ಎತ್ತಿಕೊಂಡು ಅದರ ಮೇಲಿನ ಕುಂಕುಮ ನೋಡಿದ.

“ಆಯ್ತಕ್ಕ” ಅಂದ. “ನಿಮ್ ಬೀದೀಲಿ ಎಲ್ರೂ ಬಿಟ್ರಕ್ಕ. ಒಬ್ರೂ ಹೇಳ್ಲಿಲ್ಲ. ಏನೋ ಲೈನ್ ಹೋಗಿದೆ ಅಂತ ನಾನೇ ಕಂಬ ಹತ್ತಿ ನೋಡಿದ್ರೆ, ನಮ್ ವೈರ್ ಕಟ್ಟಾಗಿ ನೇತಾಡ್ತಿರುತ್ತೆ. ಆಗ್ಲೇ ಗೊತ್ತಾಗೋದು. ನೀವೊಬ್ರು ಇಷ್ಟು ಬಿಸ್ಲಲ್ಲಿ ಇದನ್ನ ಹೇಳೋಕೆ ಬಂದ್ರಾ?”

“ನಂಗ್ಯಾರೂ ಯೋಳ್ಲಿಲ್ಲ ಕಣಪ್ಪ” ಎಂದರು ಅಕ್ಕ.

ಮದುವೆಯಾದ ಹೊಸದರಲ್ಲಿ ಅಕ್ಕ ಪೀಣ್ಯದಲ್ಲಿ ಕೆಲಸಕ್ಕಿದ್ದದ್ದು ನನಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

“ಮೋಟರ್ ಕಾಯಿಲ್ ಸುತ್ತೋ ಫ್ಯಾಕ್ಟ್ರಿ. ಶನಿವಾರ ಸಾಯಂಕಾಲ ಬತ್ತೀವಿ ಸಾರ್ ಅಂದ್ರೆ ಸೂಪರ್‌ವೈಜ್ರು ತಲೆ ಆಡ್ಸುದ್ರು. ಸೋಮವಾರ ಓದ್ರೆ ಗೇಟ್ಗೆ ಬೀಗ. ಯಾರಾದ್ರೂ ಬತ್ತಾರೆ ಅಂತ ಅಲ್ಲೇ ನಿಂತ್ಕೊಂಡ್ವಿ. ಪಕ್ಕದ್ ಫ್ಯಾಕ್ಟ್ರೀದು ಊಟದ ಸೈರನ್ ಆಯ್ತು. ಬೀಗದ ಮುಂದ್ಲೇ ಕೂತು ಎಲ್ರೂ ಡಬ್ಬಿ ಬಿಚ್ಚಿ ಉಂಡ್ವಿ. ಒಟ್ಟೆಗೇನ್ ಗೊತ್ತು, ಯಾರ್ ಸೈರನ್ ಅಂತ.” ಅಕ್ಕ ನಕ್ಕರು. “ಕೆಲ್ಸ ಓಯ್ತಲ್ಲ ಅಂತಲ್ಲಪ್ಪ. ಒಂದ್ಮಾತು ಯೋಳಿದ್ರೆ ಆವತ್ತು ಡಬ್ಬಿ ಕಟ್ತಿರ್ಲಿಲ್ಲ.”

ನಾನು ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿಯನ್ನು ನೋಡಿದೆ. ಮುಚ್ಚಳದ ಮೇಲೆ ಅಕ್ಕನ ಹೆಸರು ಕೆತ್ತಿಸಿತ್ತು. ಅಕ್ಷರಗಳು ಅರ್ಧ ಸವೆದಿದ್ದವು.

ಮಂಜಣ್ಣ ಉಂಡೆಗಳನ್ನು ಒಂದು ಪೇಪರಿಗೆ ಸುರಿದುಕೊಂಡ. ಖಾಲಿ ಡಬ್ಬಿ ಹಿಡಿದು ಸುತ್ತ ನೋಡಿದ. ವೈರಿದೆ, ಕ್ಲಿಪ್ಪಿದೆ, ಸ್ಕ್ರೂ ಇದೆ. “ಒಂದ್ನಿಮಿಷ ಅಕ್ಕ” ಎಂದು ಕೆಳಗಿಳಿದು ಹೋದ. ಬಂದು ಡಬ್ಬಿ ಕೊಟ್ಟಾಗ ಅದು ಭಾರವಾಗಿತ್ತು. ಮನೆಗೆ ಬಂದು ತೆರೆದರೆ ಟೀ ಅಂಗಡಿಯ ಸಕ್ಕರೆ. ನಡುವೆ ಒಂದು ಇರುವೆಯೂ ಇತ್ತು.

“ಅವರವ್ವ ಚೆನ್ನಾಗಿ ಬೆಳ್ಸವ್ಳೆ” ಎಂದು ಅಕ್ಕ ಇರುವೆಯನ್ನು ಜೋಪಾನವಾಗಿ ಹೊರಗೆ ಬಿಟ್ಟರು. ಅದಕ್ಕೂ ಏನೋ ಹೇಳಿದಂತೆ ಕಂಡಿತು.

ಮೀಸೆಯವನು ಹಳೆಯ ತೂತಿನಲ್ಲಿ ಹೊಸ ವೈರು ತೂರಿಸಿದ. ಹತ್ತೇ ನಿಮಿಷ. ಅಕ್ಕ ಹೊಸ ರೂಟರಿಗೂ ಕುಂಕುಮವಿಟ್ಟರು. ಸೋಮವಾರ ನನ್ನ ಮಗಳು ಮೀಟಿಂಗಿನ ಉದ್ದಕ್ಕೂ ಬಾಯಿ ತೆರೆದಳು, ಮುಚ್ಚಿದಳು. ಮ್ಯಾನೇಜರು ಆಫೀಸಿನ ಮಾತೆತ್ತಲಿಲ್ಲ. ನಾವೆಲ್ಲ ಅಲ್ಲಿಗೆ ವಿಷಯ ಮರೆತೆವು.

ಕೆಲವು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ, ನಮ್ಮ ಗೇಟಿನ ಮುಂದೆ ಮಂಜಣ್ಣನ ಗಾಡಿ ನಿಂತಿತು. ನಾನು ಅಕ್ಕನ ಜೊತೆ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಅವನು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಅಕ್ಕ, ಇವತ್ತು ಆಫೀಸ್ ಮುಚ್ತಾ ಇದೀನಿ. ನೆಲಮಂಗಲದ ಕಡೆ ಒಂದ್ ಕೆಲ್ಸ ಸಿಕ್ಕಿದೆ. ನಿಮ್ದೇನೂ ಲೈನ್ ಇಲ್ಲ, ಗೊತ್ತು. ಸುಮ್ನೆ, ಹೇಳಿ ಹೋಗೋಣ ಅಂತ ಬಂದೆ.”

ಚಪ್ಪಲಿ ಕಳಚಿ ನಿಂತ ಅವನನ್ನು ಅಕ್ಕ ನೋಡಿದರು. ಈಗ ತಾಯಿಯ ಮಂಡಿ, ಹೆಂಡತಿಯ ತವರು ಎಲ್ಲ ಬರುತ್ತದೆಂದು ನಾನು ಸೊಪ್ಪನ್ನು ಪಕ್ಕಕ್ಕಿಟ್ಟೆ. ಏನೂ ಬರಲಿಲ್ಲ. ಅಕ್ಕ ಒಳಗೆ ಹೋದರು. ಡಬ್ಬಿಯಲ್ಲಿದ್ದ ಅದೇ ಸಕ್ಕರೆ ಹಾಕಿ ಕಾಫಿ ಮಾಡಿ ತಂದುಕೊಟ್ಟರು. ಅವನು ಕುಡಿದು, “ಬರ್ತೀನಕ್ಕ” ಅಂದ.

ಅಕ್ಕ ಬರಿದೇ ತಲೆ ಆಡಿಸಿ ಕಳಿಸಲಿಲ್ಲ. ಅವನ ಹಿಂದೆಯೇ ನಡೆದು ಹೋಗಿ ಗೇಟನ್ನು ಅಗಲಕ್ಕೆ ತೆರೆದು ಹಿಡಿದು ನಿಂತರು. ಗಾಡಿ ತುಮಕೂರು ರಸ್ತೆಯ ಲಾರಿಗಳಲ್ಲಿ ಸೇರಿಹೋದ ಮೇಲೂ ಅದನ್ನು ಮುಚ್ಚಲಿಲ್ಲ.