ಸಾಂಬ್ರಾಣಿ ಪಾಠ

ಅನಾಹುತ ಶುರುವಾದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಆಗ ನಾನು ಏಳನೇ ತರಗತಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ.

ನಜರ್‌ಬಾದಿನ ನಮ್ಮ ಶಾಲೆಯಲ್ಲಿ ವಾರಕ್ಕೊಂದು ‘ಧರ್ಮಗಳ ಪರಿಚಯ’ ಪೀರಿಯಡ್ ಇದೆ. ಯಾವ ಧರ್ಮವನ್ನೂ ಬೋಧಿಸಬಾರದು, ಎಲ್ಲವನ್ನೂ ತಿಳಿಸಬೇಕು. ಈ ಸೂಕ್ಷ್ಮ ಕಾರ್ಯಕ್ಕೆ ನನಗಿಂತ ಯೋಗ್ಯರು ಮೈಸೂರಿನಲ್ಲೇ ಇಲ್ಲವೆಂದು ನಂಬಿದ್ದೆ. ದೇವಸ್ಥಾನ, ಚರ್ಚು, ದರ್ಗಾ ಮೂರರಲ್ಲೂ ಸಾಂಬ್ರಾಣಿ ಹಾಕುತ್ತಾರಲ್ಲ, ಅದನ್ನೇ ತರಗತಿಯಲ್ಲಿ ಹಾಕಿದರೆ ಪಕ್ಷಪಾತದ ಮಾತೇ ಬರುವುದಿಲ್ಲ ಎಂದು ತೀರ್ಮಾನಿಸಿದೆ.

ಧೂಪದ ಬಟ್ಟಲು, ಇದ್ದಿಲು ಕಟ್ಟಿಕೊಡುವಾಗ ಹೆಂಡತಿ ಕೇಳಿದಳು: “ಪಾಠ ಮಾಡಕ್ಕೆ ಹೋಗ್ತಿದ್ದೀರೋ, ಸೊಳ್ಳೆ ಓಡ್ಸಕ್ಕೋ?”

ಹೆಡ್‌ಮಿಸ್ ಮೂಗಿಗೆ ವಾಸನೆ ತಾಗಬಾರದೆಂದು ಬಾಗಿಲು ಭದ್ರಪಡಿಸಿ, ಫ್ಯಾನ್ ನಿಲ್ಲಿಸಿದೆ. ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ ಸಾಲದೆನಿಸಿ ಒಂದು ಹಿಡಿ ಸುರಿದೆ. ಎರಡು ನಿಮಿಷದಲ್ಲಿ ಕರಿಹಲಗೆ ಕಾಣದಾಯಿತು. ಮಕ್ಕಳು ಕೆಮ್ಮುತ್ತಾ ನಕ್ಕರು. ರಿಹಾಮ್ ನಗಲಿಲ್ಲ.

ಅವಳು ಸುಡಾನಿನಿಂದ ಬಂದು ಎರಡು ತಿಂಗಳಾಗಿತ್ತು. ಅಪ್ಪ ಇಲ್ಲಿ ಸಂಶೋಧನಾ ವಿದ್ಯಾರ್ಥಿ. ಅಲ್ಲಿ ಅವರಿದ್ದ ಬೀದಿಯೇ ಸುಟ್ಟುಹೋಗಿತ್ತಂತೆ. ಅವಳು ಯಾವ ಧರ್ಮದವಳೆಂದು ನಾನು ಮೊದಲ ದಿನವೇ ಬರೆದಿಟ್ಟುಕೊಂಡಿದ್ದೆ. ಈ ಬೆಂಕಿಯ ವಿಷಯ ಮಾತ್ರ ಕೇಳಿರಲಿಲ್ಲ.

ಚಿಲಕ ಎಳೆದಳು, ಬರಲಿಲ್ಲ. ಗ್ರಿಲ್ ಇಲ್ಲದ ಹಳೆಯ ಕಿಟಕಿ ಹತ್ತಿದಳು. ನೋಡುತ್ತಿದ್ದಂತೆ ಮೊದಲ ಮಹಡಿಯ ಆ ಕಿಟಕಿಯಾಚೆಯ ಸಜ್ಜದ ಮೇಲೆ, ಗೋಡೆಗೆ ಬೆನ್ನೊತ್ತಿ ನಿಂತಿದ್ದಳು. ಸಜ್ಜದ ಅಗಲ ಒಂದಡಿ.

ನಾನು ಕಿಟಕಿಯಿಂದ ತಲೆ ಹೊರಹಾಕಿ, ಇದೊಂದು ಸಾಂಸ್ಕೃತಿಕ ಪ್ರಾತ್ಯಕ್ಷಿಕೆ ಎಂದು ಶುದ್ಧ ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಇನ್ನೊಂದು ಹೆಜ್ಜೆ ಆಚೆ ಸರಿದಳು.

ಆಯಾ ಲೂರ್ದಮ್ಮ ಬಾಗಿಲು ಬಡಿದರು. ತೆಗೆದೆ.

“ಮೊದ್ಲು ಆ ಬೆಂಕಿ ಆಚೆಗಿಡಿ ಮೇಷ್ಟ್ರೇ. ಧರ್ಮ ಆಮೇಲ್ ಹೇಳ್ಕೊಡೂರಂತೆ.”

ಅವರು ಕಿಟಕಿಯಲ್ಲಿ ಕೂತು ಕೈ ಚಾಚಿದರು. “ಬಾ ಕಣಮ್ಮ. ಏನಿಲ್ಲ, ಎಲ್ಲಾ ಹೋಯ್ತು. ಬಂದ್ಬುಡು ನನ್ ಕಂದ.”

ಆ ಮಗುವಿಗೆ ಕನ್ನಡ ಬಾರದು. ಆದರೂ ಬಂತು.

ಆಮೇಲೆ ಕಣ್ಣು ಮುಚ್ಚಿದರೆ ಸಜ್ಜದ ಮೇಲಿನ ಆ ಎರಡು ಪಾದಗಳೇ. ಕನಸಿನಲ್ಲಿ ಲೂರ್ದಮ್ಮ ಬರುವುದು ತಡವಾಗುತ್ತಿತ್ತು. ಕ್ಷಮೆ ಕೇಳಲು ರಾಜೀವನಗರದ ರಿಹಾಮ್ ಮನೆಗೆ ಹೋದೆ. ತಾಯಿ ಚಹಾ ಕೊಟ್ಟು, “ರಿಹಾಮ್ ನಿದ್ದೆ ಮಾಡ್ತಿಲ್ಲ ಸರ್” ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದನೆಯ ದಿನ, ಶುಕ್ರವಾರ, ಅವಳಪ್ಪ ಫೋನ್ ಮಾಡಿದರು: ಹಿಂದಿನ ರಾತ್ರಿ ಬೆಳಗಿನವರೆಗೂ ಮಲಗಿದಳಂತೆ. ಅಂದು ರಾತ್ರಿ ನಾನೂ ಮಲಗಿದೆ. ಎಂಥ ನಿದ್ದೆಯೆಂದರೆ, ಎದ್ದಾಗ ಶನಿವಾರದ ಬೆಳಗಿನ ಶಾಲೆ ಮುಗಿಯುತ್ತಾ ಬಂದಿತ್ತು. ನನ್ನ ತರಗತಿಯನ್ನು ಲೂರ್ದಮ್ಮ ನೋಡಿಕೊಂಡರಂತೆ. ರಿಹಾಮ್ ಮುಂದಿನ ಬೆಂಚಿಗೆ ಬಂದು ಕೂತಿದ್ದಳಂತೆ.

ನಾನಿದ್ದಾಗ ಅವಳು ಕೂರುವುದು ಬಾಗಿಲ ಪಕ್ಕ.