ಸುಗ್ಗಿ ಆದ ಮೇಲೆ ಕೊಡುವ ಗಿರಾಕಿ

ದುಡ್ಡಿನ ಮಾತು ಬಂದಾಗ ನಗುವ ಗಿರಾಕಿಯನ್ನು ನಾನು ನಂಬುವುದಿಲ್ಲ. ಮುಖ ಗಂಟು ಹಾಕಿಕೊಂಡವನು ಚೌಕಾಸಿ ಮಾಡುತ್ತಾನೆ, ಬೈಯುತ್ತಾನೆ, ಕೊನೆಗೆ ಒಂದಿಷ್ಟು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ನಗುವವನು ಮಾತ್ರ ಕಾಫಿ ತರಿಸುತ್ತಾನೆ. ಕಾಫಿ ಕುಡಿದ ಕಂತ್ರಾಟುದಾರನ ಕಥೆ ಅಲ್ಲಿಗೆ ಮುಗಿಯಿತು ಅಂತಲೇ ತಿಳಿಯಿರಿ.

ಹರಿಹರದ ಹಾಲೇಶಪ್ಪನವರು ನಕ್ಕರು. ಕಾಫಿಯನ್ನೂ ತರಿಸಿದರು.

ನಾನು ದಾವಣಗೆರೆಯ ಮುರುಗೇಶಪ್ಪ, ಎಲೆಕ್ಟ್ರಿಕ್ ವೈರಿಂಗ್ ಕಂತ್ರಾಟುದಾರ (ಲೈಸೆನ್ಸ್ ಉಂಟು, ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ, ಅರ್ಧ ಭಾಗ ಗೆದ್ದಲು ತಿಂದಿದೆ). ಹಾಲೇಶಪ್ಪನವರು ಮಲೆಬೆನ್ನೂರಿನಲ್ಲಿ ಹೊಸದಾಗಿ ಅಕ್ಕಿ ಗಿರಣಿ ಹಾಕುತ್ತಿದ್ದರು. ನಾಲೆಯ ನೀರು ಹರಿದದ್ದೇ ಹರಿದದ್ದು, ಆ ಕಡೆ ಭತ್ತ ಬೆಳೆಯದವರೇ ಇಲ್ಲ, ಗಿರಣಿಯ ಕನಸು ಕಾಣದವರೂ ಇಲ್ಲ. ಮೋಟಾರಿಗೆ ಲೈನು, ಮೈನ್ ಸ್ವಿಚ್ಚು, ಗೋದಾಮಿಗೆ ದೀಪ, ಒಟ್ಟಿನಲ್ಲಿ ನನ್ನ ಜೀವಮಾನದಲ್ಲೇ ಕಾಣದಷ್ಟು ದೊಡ್ಡ ಕೆಲಸ.

"ಸಾಮಾನು ನೀವೇ ಹಾಕ್ರಿ ಮುರುಗೇಶಪ್ಪಾರೆ," ಎಂದರು ಅವರು, ಹಲ್ಲೆಲ್ಲ ಕಾಣುವಂತೆ ನಗುತ್ತಾ. "ಗಿರಣಿ ಸುರುವಾಗ್ಲಿ, ಒಂದು ಸುಗ್ಗಿ ಆಗ್ಲಿ. ನಿಮ್ಮ ದುಡ್ಡು ಒಂದೇ ಗಂಟು ಎಣಿಸಿಬಿಡ್ತೀನಿ."

ಬಸ್ಸಿನಲ್ಲಿ ದಾವಣಗೆರೆಗೆ ಮರಳುವಾಗ ಈ ಮಾತನ್ನು ಬಿಡಿಸಿ ಬಿಡಿಸಿ ನೋಡಿದೆ. ಸುಗ್ಗಿ ಅಂದರೆ ಯಾವ ವರ್ಷದ ಸುಗ್ಗಿ? 'ಎಣಿಸಿಬಿಡ್ತೀನಿ' ಅಂದರು, 'ಕೊಡ್ತೀನಿ' ಅನ್ನಲಿಲ್ಲ. ಎಣಿಸಿ ವಾಪಸ್ಸು ಪೆಟ್ಟಿಗೆಯಲ್ಲೇ ಇಟ್ಟುಕೊಂಡರೆ ಯಾರನ್ನು ಕೇಳುವುದು?

ಮನೆಗೆ ಬಂದರೆ ನನ್ನ ಅರ್ಧಾಂಗಿ, ಅಂದರೆ ಈ ಸಂಸಾರದ ಪೂರ್ಣಾಂಗಿ, ಕಸ್ತೂರಮ್ಮ ಬಾಗಿಲಲ್ಲೇ ನಿಂತಿದ್ದಳು.

"ಮುಂಗಡ ಎಷ್ಟು ಕೊಟ್ರು?"

"ಕಾಫಿ ಕೊಟ್ರು."

ಅವಳು ಅಡಿಗೆಮನೆ ಬಾಗಿಲ ಮೇಲಿನ ಬೋರ್ಡನ್ನು ನೋಡಿದಳು. ಅದರ ಮೇಲೆ 'ಸಾಲ ಕೇಳಬೇಡಿ' ಎಂದು ಕೆಂಪು ಬಣ್ಣದಲ್ಲಿ ಬರೆದಿದೆ. ಅದು ನನ್ನ ಆಸ್ತಿ. ಹೋದ ವರ್ಷ ಹೊಸದಾಗಿ ಹೋಟೆಲು ಹಾಕಿದ ಮಹಾನುಭಾವನೊಬ್ಬನಿಗೆ, ವ್ಯಾಪಾರ ಹತ್ತಿದ ಮೇಲೆ ಕೊಡುವ ಮಾತಿನ ಮೇಲೆ, ಪೂರಾ ವೈರಿಂಗ್ ಮಾಡಿಕೊಟ್ಟಿದ್ದೆ. ವ್ಯಾಪಾರ ಹತ್ತಲಿಲ್ಲ, ಅವನು ರೈಲು ಹತ್ತಿದ. ನಾನು ಓಡಿ ಹೋಗುವಷ್ಟರಲ್ಲಿ ಸಾಲ ಕೊಟ್ಟ ಮಿಕ್ಕವರು ಮೇಜು, ಕುರ್ಚಿ, ದೋಸೆ ಕಲ್ಲು ಎಲ್ಲ ಹೊತ್ತೊಯ್ದಿದ್ದರು. ಗೋಡೆಯ ಮೇಲೆ ಉಳಿದಿದ್ದದ್ದು ಈ ಬೋರ್ಡು ಒಂದೇ. ಕಿತ್ತುಕೊಂಡು ಬಂದೆ. ಆ ಹೋಟೆಲಿಗೆ ಹಾಕಿದ ವೈರೆಲ್ಲ ಮಂಡಿಪೇಟೆಯ ಶಬ್ಬೀರ್ ಸಾಹೇಬರ ಅಂಗಡಿಯಿಂದ ಉದ್ರಿ ತಂದದ್ದು. ಮೊದಮೊದಲು ಅವರು ನನ್ನನ್ನು ಕಂಡರೆ ಸಲಾಮು ಮಾಡುತ್ತಿದ್ದರು. ಈಗ ಬರೀ ನೋಡುತ್ತಾರೆ.

"ಮೊದಲು ಆ ಮನುಷ್ಯ ಎಂಥೋನು ಅಂತ ವಿಚಾರಿಸ್ರಿ," ಎಂದಳು ಕಸ್ತೂರಮ್ಮ. "ಕೊಡೋ ಕೈಯೋ, ಎತ್ತೋ ಕೈಯೋ ಗೊತ್ತಾಗ್ಲಿ. ಆಮ್ಯಾಲೆ ಒಪ್ಕೊಳ್ರಿ. ಈ ಸಲ ಮೋಸ ಹೋದ್ರಿ ಅಂದ್ರೆ ನಾನು ತವರುಮನಿಗೆ ಹೋಗೋಳಲ್ಲ, ನಿಮ್ಮನ್ನೇ ಕಳಿಸ್ತೀನಿ."

ಮಾರನೆಯ ದಿನ ಹರಿಹರಕ್ಕೆ ಹೊರಟೆ. ಗತ್ತಿಗೆ ಇರಲಿ ಎಂದು ಕೋಟು ಹಾಕಿ, ಬಗಲಲ್ಲಿ ಕೊಡೆ ಇಟ್ಟುಕೊಂಡೆ. ಅದೇ ತಪ್ಪಾಯಿತು. ಹಾಲೇಶಪ್ಪನವರ ಬೀದಿಯ ಕಿರಾಣಿ ಅಂಗಡಿಯ ಲಿಂಗಣ್ಣನ ಮುಂದೆ ನಿಂತು, "ಹಾಲೇಶಪ್ಪಾರು ನಿಮ್ಮಲ್ಲಿ ಎಷ್ಟು ಬಾಕಿ ಇಟ್ಟಾರೆ?" ಎಂದು ಕೇಳಿದ್ದೇ ತಡ, ಅವನು ಬೆಲ್ಲದ ಡಬ್ಬಿಯ ಮುಚ್ಚಳ ಹಾಕಿ ಅದರ ಮೇಲೆ ತಾನೇ ಕೂತುಬಿಟ್ಟ.

"ಯಾವ ಆಫೀಸಿಂದ ಬಂದೀರಿ ಸ್ವಾಮಿ?"

"ಯಾವ ಆಫೀಸೂ ಇಲ್ಲಪ್ಪ."

"ಎಲ್ಲಾರೂ ಹಂಗೇ ಅಂತಾರೆ."

ಸೇಲ್ಸ್ ಟ್ಯಾಕ್ಸಿನವನೆಂಬ ಸುದ್ದಿ ನನಗಿಂತ ಮುಂಚೆ ಬೀದಿ ದಾಟಿತು. ಬಟ್ಟೆ ಅಂಗಡಿಯವನು ಅರ್ಧ ಬಾಗಿಲು ಎಳೆದುಕೊಂಡ. ಮುಂದಿನ ಬೀದಿಯಲ್ಲಿ ಬೆಳಿಗ್ಗೆ ಹತ್ತಕ್ಕೇ ಎಲ್ಲರೂ ಊಟಕ್ಕೆ ಹೋಗಿದ್ದರು.

ಸೋತು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಗಿಡ್ಡಪ್ಪ ಎಂಬ ಮುದುಕ ಚಹಾವನ್ನು ತಟ್ಟೆಗೆ ಸುರಿದುಕೊಂಡು ಹೀರುತ್ತಿದ್ದ. ನನ್ನ ಕೋಟು, ಕೊಡೆ, ಸಪ್ಪೆ ಮುಖ ಮೂರನ್ನೂ ನೋಡಿ, "ಹಾಲೇಶಪ್ಪಾರ ಮನೆತನ ವಿಚಾರಿಸಾಕ ಬಂದೀರಂತೆ. ಹೆಣ್ಣು ಕೊಡೋ ವಿಚಾರ ಏನ್ರಿ?" ಎಂದ.

ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಎನ್ನಲಿಲ್ಲ. ನನ್ನ ಕತ್ತು ಮಾತ್ರ, ಅದು ಸ್ವತಂತ್ರ ಸಂಸ್ಥಾನ, ಒಂದು ಸಲ ಕೆಳಗೆ ಬಗ್ಗಿ ಮೇಲೆದ್ದಿತು.

ಆಮೇಲೆ ಹರಿಹರದ ಬಾಯಿ ಬಿಚ್ಚಿದ್ದನ್ನು ನೀವು ನೋಡಬೇಕಿತ್ತು! ಬಾಕಿ ವಿಚಾರ ಎಂದರೆ ಯಾರೂ ಉಸಿರೆತ್ತುವುದಿಲ್ಲ. ಹೆಣ್ಣು ಕೊಡುವ ವಿಚಾರ ಎಂದರೆ ಮುತ್ತಜ್ಜನ ಕಾಲದ ಕೋರ್ಟು ಕಚೇರಿಯನ್ನೂ ಹೇಳಿಬಿಡುತ್ತಾರೆ. ಗಿಡ್ಡಪ್ಪ ನನ್ನ ಚಹಾದ ದುಡ್ಡು ತಾನೇ ಕೊಟ್ಟ. ಲಿಂಗಣ್ಣ ಬೆಲ್ಲದ ಡಬ್ಬಿಯಿಂದ ಇಳಿದು, ಅದರಲ್ಲಿದ್ದ ಬೆಲ್ಲವನ್ನೇ ಶೇಂಗಾ ಜೊತೆ ನನ್ನ ಕೈಗಿಟ್ಟ. "ಕಣ್ಣು ಮುಚ್ಚಿ ಕೊಡ್ರಿ. ಆ ಮನಿಯೋರು ಹೇಳಿದ ದಿನ ಹೇಳಿದಷ್ಟು ಕೊಡ್ತಾರೆ. ಒಂದು ದಿನ ಆಚೆ ಇಲ್ಲ, ಈಚೆ ಇಲ್ಲ," ಎಂದ. ಬಟ್ಟೆ ಅಂಗಡಿಯವನೂ ಅದನ್ನೇ ಹೇಳಿದ.

ನನ್ನ ಸಂಶಯ ಇನ್ನೂ ಹೆಚ್ಚಿತು. ಒಬ್ಬ ಮನುಷ್ಯನ ಬಗ್ಗೆ ಇಡೀ ಊರು ಒಳ್ಳೆಯದನ್ನೇ ಹೇಳುತ್ತದೆ ಎಂದರೆ ಏನರ್ಥ? ನಮ್ಮ ದಾವಣಗೆರೆಯಲ್ಲಿ ದೇವರ ಬಗ್ಗೆ ಕೂಡ ಒಬ್ಬರಾದರೂ ತಕರಾರು ಎತ್ತುತ್ತಾರೆ. ಹರಿಹರದವರಿಗೆಲ್ಲ ಮೊದಲೇ ಹೇಳಿಕೊಟ್ಟಿರಬೇಕು ಎನ್ನಿಸಿತು. ಅದಕ್ಕೇ ಮಾರನೆಯ ದಿನವೂ ಹೋದೆ. ಅವರ ಮನೆಗೆ ಹಾಲು ಹಾಕುವ ಕಾಳವ್ವನನ್ನು ಹಿಡಿದೆ.

"ನಿಜ ಹೇಳವ್ವ, ದುಡ್ಡು ಸರಿಯಾಗಿ ಕೊಡ್ತಾರಾ?"

"ನೀರು ಹಾಕಿದ್ರೆ ಹಿಡ್ಕಂತಾರೆ. ಹಾಕದಿದ್ರೆ ತಿಂಗಳ ಕೊನೀಗೆ ಕರೆದು ಕೊಡ್ತಾರೆ. ಹುಡುಗಾನೂ ಅವರಪ್ಪನಂಗೇ. ನಿಮ್ಮ ಮಗಳು ಪುಣ್ಯ ಮಾಡಿರಬೇಕು ಬಿಡ್ರಿ."

ಆ ಮನೆಯಲ್ಲಿ ಮದುವೆಗೆ ಬಂದ ಒಬ್ಬ ಹುಡುಗನಿದ್ದಾನೆ ಎಂಬುದು ನನ್ನ ತಲೆಗೆ ಸರಿಯಾಗಿ ಹೊಕ್ಕದ್ದು ಆಗಲೇ. ನನಗೂ ಕಾಲೇಜಿಗೆ ಹೋಗುವ ಶಕುಂತಲ ಎಂಬ ಮಗಳಿದ್ದಾಳೆ ಎಂಬುದೂ ನೆನಪಾಯಿತು. ಆದರೆ ಕೆಲಸ ಮುಗಿದಿತ್ತಲ್ಲ! ಮನೆಗೆ ಬಂದು, "ಗಟ್ಟಿ ಕುಳ ಕಸ್ತೂರಿ. ಒಪ್ಕೊಂಡುಬಿಡೋಣ," ಎಂದೆ.

"ಇಷ್ಟೆಲ್ಲ ನಿಮಗೆ ಯಾರು ಹೇಳಿದ್ರು? ನಿಮಗೆ ಒಬ್ಬರ ಬಾಯಿ ಬಿಡಿಸಾಕ ಬರಲ್ಲ."

"ಕೇಳೋ ರೀತಿಯೊಳಗೆ ಕೇಳಿದೆ," ಎಂದು ಹೇಳಿ ಬಚ್ಚಲಿಗೆ ಹೋದೆ. ಹೆಚ್ಚಿನ ಪ್ರಶ್ನೆಗಳು ಬರುವಾಗ ನಾನು ಬಚ್ಚಲಿಗೆ ಹೋಗುವುದು ರೂಢಿ.

ಭಾನುವಾರ ಮನೆ ಮುಂದೆ ಜಟಕಾ ನಿಂತಿತು. ಹಾಲೇಶಪ್ಪನವರು, ಅವರ ಹೆಂಡತಿ ಬಸವಣ್ಣೆಮ್ಮ, ಅವರ ಸೋದರಮಾವ ಉಜ್ಜನಪ್ಪ ಎಂಬ ಹಿರಿಯರು ಇಳಿದರು. ಹಿರಿಯರ ಕೈಯಲ್ಲಿ ಉಬ್ಬಿದ ಬಟ್ಟೆಯ ಚೀಲ. ಮುಂಗಡ! ನಾನು ಕುರ್ಚಿ ಒರೆಸಿದ ರಭಸಕ್ಕೆ ಅದರ ಒಂದು ಕಾಲು ಸಡಿಲವಾಯಿತು. "ಬರ್ರಿ, ಬರ್ರಿ, ಕೂಡ್ರಿ," ಎಂದೆ. ಉಜ್ಜನಪ್ಪನವರು ಕೂತು ಚೀಲ ಬಿಚ್ಚಿದರು. ಒಳಗೆ ಎಲೆ ಅಡಿಕೆ ಇತ್ತು.

ಶಕುಂತಲ ಕಾಫಿ ತಂದಿಟ್ಟಳು. ಬಸವಣ್ಣೆಮ್ಮ ಅವಳನ್ನು ನೆತ್ತಿಯಿಂದ ಪಾದದವರೆಗೆ ನೋಡಿ ನಿಟ್ಟುಸಿರು ಬಿಟ್ಟರು.

"ಹುಡುಗಿ ಚಂದ ಅದಾಳೆ. ಅದಕ್ಕೇ ನನಗೆ ಬ್ಯಾಸರ."

ಉಜ್ಜನಪ್ಪನವರು ಗಂಟಲು ಸರಿಮಾಡಿಕೊಂಡರು. "ನೋಡ್ರಿ ಮುರುಗೇಶಪ್ಪಾರೆ, ನೀವು ಎರಡು ದಿನ ಹರಿಹರದಾಗ ನಮ್ಮ ಮನೆತನ ವಿಚಾರಿಸಿದ್ರಿ. ಸಂತೋಷ. ನಾವೂ ದಾವಣಗೆರೆಯಾಗ ನಿಮ್ದು ವಿಚಾರಿಸಿದ್ವಿ. ಯಾರ ಕೈಲೋ ಹೇಳಿ ಕಳಿಸೋದು ಮರ್ಯಾದೆ ಅಲ್ಲ, ಅದಕ್ಕೇ ನಾವೇ ಬಂದ್ವಿ. ಈ ಸಂಬಂಧ ನಮಗೆ ಬ್ಯಾಡ."

ಅಡಿಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

"ಶಬ್ಬೀರ್ ಸಾಹೇಬರಿಗೆ ವೈರಿನ ದುಡ್ಡು ಕೊಟ್ಟಿಲ್ಲಂತೆ," ಎಂದರು ಬಸವಣ್ಣೆಮ್ಮ, ಬೆರಳು ಮಡಿಸುತ್ತಾ. "ನೀವು ಹಾಕ್ಕೊಂಡು ಬಂದಿದ್ರಲ್ಲ ಕೋಟು, ಅದರ ಹೊಲಿಗೆ ದುಡ್ಡು ದರ್ಜಿಗೆ ಮುಟ್ಟಿಲ್ಲಂತೆ. ಯಾವುದೋ ಹೋಟ್ಲಿಂದ ಏನೋ ಕಿತ್ಗೊಂಡು ಬಂದೀರಂತೆ..." ಅಷ್ಟರಲ್ಲಿ ಅವರ ಕಣ್ಣು ಅಡಿಗೆಮನೆ ಬಾಗಿಲ ಮೇಲೆ ಬಿತ್ತು. ಕೆಂಪಕ್ಷರವನ್ನು ಓದಿ, ಗಂಡನಿಗೆ ಕಣ್ಸನ್ನೆ ಮಾಡಿದರು.

ಆ ಬೋರ್ಡಿನ ಕೆಳಗಿನಿಂದಲೇ ಕಸ್ತೂರಮ್ಮ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ಯಾರ್ರೀ ನಿಮಗೆ ಹೆಣ್ಣು ಕೊಡ್ತೀನಿ ಅಂದೋರು?"

ಮೂವರೂ ನನ್ನನ್ನು ನೋಡಿದರು. ನಾನು ಕಾಫಿ ಲೋಟವನ್ನು ನೋಡಿದೆ. ಬಚ್ಚಲು ಬಹಳ ದೂರವಿತ್ತು.

"ಹುಡುಗನ ವಿಚಾರ ಅಲ್ರಿ," ಎಂದೆ ಕೊನೆಗೆ. "ಸುಗ್ಗಿ ಆದ ಮ್ಯಾಲೆ ದುಡ್ಡು ಕೊಡ್ತೀನಿ ಅಂದ್ರಲ್ಲ... ನಿಜವಾಗ್ಲೂ ಕೊಡ್ತೀರೋ ಇಲ್ಲೋ ಅಂತ... ಹಂಗೇ ಕೇಳಿದ್ರೆ ಯಾರೂ ಹೇಳಲಿಲ್ಲ... ಅದಕ್ಕೆ..."

ಹಾಲೇಶಪ್ಪನವರ ನಗು ಮಾಯವಾಯಿತು. (ನಗದ ಗಿರಾಕಿಯೇ ಒಳ್ಳೆಯ ಗಿರಾಕಿ ಎಂಬ ನನ್ನ ಸಿದ್ಧಾಂತ ಆಗ ಯಾಕೋ ಸಮಾಧಾನ ಕೊಡಲಿಲ್ಲ.)

"ಅಂದ್ರೆ ನಾವು ಮೋಸಗಾರರು ಅಂದ್ಕೊಂಡ್ರಾ?" ಎಂದರು ಬಸವಣ್ಣೆಮ್ಮ.

"ಮಗಳ ಹೆಸರು ಬೀದಿಗೆ ತಂದ್ರಾ?" ಎಂದಳು ಕಸ್ತೂರಮ್ಮ.

"ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಎಂದಳು ಶಕುಂತಲ. ಸಂಬಂಧ ತಪ್ಪಿದ ಸಂತೋಷಕ್ಕೆ ಹಾಡು ಗುನುಗುತ್ತಾ ಲೋಟ ಎತ್ತಿಕೊಂಡು ಒಳಗೆ ಹೋದಳು.

ನನಗೆ ನಿಜವಾಗಿ ಅಳು ಬಂತು. ಕೆಲಸ ಕೈತಪ್ಪಿತು ಎಂದುಕೊಂಡೆ. ಈ ಗಿರಣಿಯೊಂದು ಆಗಿದ್ದರೆ ಶಬ್ಬೀರ್ ಸಾಹೇಬರ ಬಾಕಿ ತೀರಿಸಿ, ಮಂಡಿಪೇಟೆಯಲ್ಲಿ ತಲೆ ಎತ್ತಿ ನಡೆಯಬಹುದಿತ್ತು. ಜೊತೆಗೆ ಮಗಳ ಹೆಸರನ್ನೂ ಊರ ಬಾಯಿಗೆ ಹಾಕಿದ್ದೆ. "ತಪ್ಪಾಯ್ತು," ಎಂದೆ.

ಬಸವಣ್ಣೆಮ್ಮನವರೇ ಕಸ್ತೂರಮ್ಮನ ಕಡೆ ತಿರುಗಿ, "ಇಂಥೋರನ್ನ ಕಟ್ಕೊಂಡು ಮನಿ ಹೆಂಗೆ ನಡೆಸ್ತೀರವ್ವ?" ಎಂದರು. ಧ್ವನಿ ಮೆತ್ತಗಾಗಿತ್ತು.

"ಜಾಕೀಟು ಹೊಲೀತೀನ್ರಿ. ಹಾಲು, ಕಿರಾಣಿ, ಮಗಳ ಕಾಲೇಜಿನ ಫೀಜು ಎಲ್ಲ ನನ್ನ ಕೈಯಾಗೇ ಐತೆ. ಇವರ ಕೈಗೆ ದುಡ್ಡು ಕೊಡೋದಿಲ್ಲ."

"ಅದನ್ನೂ ಕೇಳಿದ್ವಿ ಬಿಡ್ರಿ. ನಿಮ್ಮ ಹೆಸರು ಹೇಳಿದ್ರೆ ಕಿರಾಣಿಯೋನು ಕೈ ಮುಗೀತಾನೆ."

ಹಾಲೇಶಪ್ಪನವರು ಹೆಂಡತಿಯ ಮುಖ ನೋಡಿದರು. ಹೆಂಡತಿ ತಲೆಯಾಡಿಸಿದರು. ಆಗ ನನಗೆ ತಿಳಿಯಿತು, ಆ ಮನೆಯಲ್ಲೂ ಪೂರ್ಣಾಂಗಿಯೇ ಇರುವುದು.

"ಹರಿಹರದಾಗ ನಾನೇ ಹೇಳ್ತೀನಿ, ವೈರಿಂಗ್ ವಿಚಾರಕ್ಕೆ ಬಂದಿದ್ರು, ಬ್ಯಾರೆ ಏನೂ ಇಲ್ಲ ಅಂತ," ಎಂದರು ಹಾಲೇಶಪ್ಪನವರು. "ಜನ ನಂಬಬೇಕು ಅಂದ್ರೆ ಕೆಲಸ ಇವರೇ ಮಾಡಬೇಕು. ಮಾಡ್ಲಿ. ಆದ್ರೆ ಸಾಮಾನು ಇವರ ಮ್ಯಾಲೆ ಬಿಟ್ಟು ಸುಗ್ಗಿತನಕ ಕಾಯಾಕ ನನಗೆ ಧೈರ್ಯ ಇಲ್ಲ. ಶಬ್ಬೀರ್ ಸಾಹೇಬರ ಅಂಗಡಿಗೆ ನಾನೇ ಹೋಗಿ ನಗದು ಕೊಟ್ಟು ಸಾಮಾನು ತರ್ತೀನಿ. ಕೂಲಿ ಪ್ರತಿ ಶನಿವಾರ ಅಮ್ಮಾರ ಕೈಗೇ ತಲುಪಿಸ್ತೀನಿ."

ನಾನು ಬಾಯಿ ತೆರೆದೆ.

"ಒಪ್ಪಿಗೆ," ಎಂದಳು ಕಸ್ತೂರಮ್ಮ.

ಈ ರಾಜ್ಯದಲ್ಲಿ ಬಾಕಿ ಎಂಬ ಮಾತೇ ಇಲ್ಲದೆ ಕೆಲಸ ಮಾಡಿದ ಕಂತ್ರಾಟುದಾರ ನಾನೊಬ್ಬನೇ ಇರಬೇಕು. ಹಾಲೇಶಪ್ಪನವರು ಶನಿವಾರ ತಪ್ಪಿಸಲಿಲ್ಲ. ಶಬ್ಬೀರ್ ಸಾಹೇಬರ ಬಾಕಿ ಸ್ವಲ್ಪ ಸ್ವಲ್ಪವೇ ಕರಗತೊಡಗಿತು, ಅವರು ಮತ್ತೆ ಸಲಾಮು ಮಾಡತೊಡಗಿದರು (ಕಸ್ತೂರಮ್ಮನಿಗೆ). ನನ್ನ ಕೈಗೆ ಮಾತ್ರ ಬೆಳಿಗ್ಗೆ ಮಲೆಬೆನ್ನೂರಿಗೆ ಹೋಗುವ ಬಸ್ ಚಾರ್ಜಷ್ಟೇ ಸಿಗುತ್ತಿತ್ತು. ಬರುವ ಚಾರ್ಜು ಕೇಳಿದರೆ, "ಹಾಲೇಶಪ್ಪಾರು ಸಂಜೀಕೆ ಕೆಲಸ ನೋಡಿ ಕೊಡ್ತಾರೆ. ಅವರ ಹತ್ರ ಮಾತಾಡೀನಿ," ಎನ್ನುತ್ತಿದ್ದಳು.

ಒಂದು ದಿನ ಹಾಲೇಶಪ್ಪನವರು ಭತ್ತದ ವ್ಯಾಪಾರಕ್ಕೆಂದು ಭಾನುವಳ್ಳಿಗೆ ಹೋದವರು ಸಂಜೆಯಾದರೂ ಬರಲಿಲ್ಲ. ನಾನು ಬಸ್ ಹತ್ತಿ, ಕಂಡಕ್ಟರ್ ಹತ್ತಿರ ಬಂದಾಗ ಹಲ್ಲೆಲ್ಲ ಕಾಣುವಂತೆ ನಕ್ಕು, "ದುಡ್ಡು ನಾಳೆ ಕೊಡ್ತೀನಪ್ಪ," ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟ ನನಗೆ ಚೆನ್ನಾಗಿ ಪರಿಚಯ. ಹೊಸ ಗಿರಾಕಿಗಳನ್ನು ನಾನು ನೋಡುವುದು ಹಾಗೆಯೇ.

"ಯಾವೂರು? ಯಾರ ಪೈಕಿ? ಏನ್ ಕೆಲಸ?" ಎಂದು ಕೇಳಿ, ಸೀಟಿ ಊದಿ ಬಸ್ ನಿಲ್ಲಿಸಿದ. "ಇವರ ಗುರುತು ಯಾರಿಗಾದ್ರೂ ಐತೇನ್ರಿ?"

ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ದಾವಣಗೆರೆಯ ಲೈಸೆನ್ಸ್ ಪಡೆದ ಕಂತ್ರಾಟುದಾರನ ಮುಖ ಯಾರಿಗೂ ಗುರುತು ಹತ್ತಲಿಲ್ಲ. ನಾನು ಇಳಿಯಲು ಕಾಲು ಕೆಳಗಿಟ್ಟೆ. ಆಗ ಹಿಂದಿನ ಸೀಟಿನಿಂದ, ನಮ್ಮ ಬೀದಿಯಲ್ಲಿ ತರಕಾರಿ ಮಾರುವ ಅಂಜಿನವ್ವ ಬುಟ್ಟಿಯ ಮರೆಯಿಂದ ಕತ್ತು ಎತ್ತಿದಳು.

"ಅಯ್ಯ, ಇವರು ಕಸ್ತೂರಮ್ಮಾರ ಗಂಡ! ಹತ್ತಿಸ್ಕೊಳಪ್ಪ, ಅವ್ವಾರು ಯಾರ ದುಡ್ಡೂ ನಿಲ್ಲಿಸೋರಲ್ಲ. ಈಗ ನಾನು ಕೊಡ್ತೀನಿ, ನಾಳೆ ಅವರ ಹತ್ರ ಇಸ್ಕಂತೀನಿ."

ಕಂಡಕ್ಟರನ ಮುಖ ಅರಳಿತು. "ಮೊದಲೇ ಹೇಳಬಾರದೇನ್ರಿ ಯಜಮಾನ್ರೆ? ಕೂಡ್ರಿ, ಕೂಡ್ರಿ," ಎಂದು ಟಿಕೆಟ್ ಹರಿದು ನನ್ನ ಕಡೆ ಚಾಚಿದ.

"ಅವರ ಕೈಗೆ ಬ್ಯಾಡ," ಎಂದಳು ಅಂಜಿನವ್ವ. "ಇಲ್ಲಿ ಕೊಡು."